ನಲವತ್ತು ಮೊಳದ ಬಲೆ

ನನ್ನ ಹತ್ತನೇ ತರಗತಿಯ ಫಲಿತಾಂಶ ಬಂದ ವಾರ. ಮಧುಗಿರಿಯ ಕಾಲೇಜಿನಲ್ಲಿ ವಿಜ್ಞಾನಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದೆ. ಕೊಳಾಲದ ನಮ್ಮ ಮನೆಯಲ್ಲಿ ಕೊನೆಯ ಮಾತು ದೊಡ್ಡಪ್ಪನದು. "ಲೆಕ್ಕಗಿಕ್ಕ ನಿಂಗ್ಯಾಕಮ್ಮ? ಆರ್ಟ್ಸ್ ತಗೋ" ಎಂದು ಮುಗಿಸಿಬಿಟ್ಟಿದ್ದರು.

ಅದೇ ವಾರ ಅಜ್ಜಿ ಹಿತ್ತಲಲ್ಲಿ ಕನಕಾಂಬರ ಹಾಕಲು ಹೊರಟಳು. ನೂರಿಪ್ಪತ್ತು ಸಸಿ, ಒಂದೊಂದಕ್ಕೆ ಒಂದು ಚದರ ಮೊಳ ನೆಲ. ಕೋಳಿ ಕೆದರದಂತೆ ಸುತ್ತ ಬಲೆ ಕಟ್ಟಬೇಕು. ದೊಡ್ಡಪ್ಪ ಬಲೆಗೆ ಮೊಳ ಹಾಕಿ, "ನಲವತ್ತೈತೆ, ಧಾರಾಳ ಸಾಕು" ಎಂದರು.

ನಾನು ಕಡ್ಡಿ ತಗೊಂಡು ಮಣ್ಣಲ್ಲೇ ಬರೆದೆ. ಸುತ್ತಳತೆ ನಲವತ್ತಾದರೆ ಉದ್ದ, ಅಗಲ ಸೇರಿ ಇಪ್ಪತ್ತು. ಗುಣಿಸಿದರೆ ನೂರಿಪ್ಪತ್ತು ಬರಬೇಕು. ಉದ್ದ x ಎಂದುಕೊಂಡರೆ x² − 20x + 120 = 0. ವರ್ಗ ಸಮೀಕರಣವನ್ನು ಬಿಡಿಸುವ ಮೊದಲೇ ಮೂಲಗಳ ಸ್ವಭಾವ ಹೇಳಿಬಿಡುವುದು ಶೋಧಕ, b² − 4ac. ಅದು ಸೊನ್ನೆಗಿಂತ ಹೆಚ್ಚಾದರೆ ಎರಡು ಬೇರೆ ಬೇರೆ ವಾಸ್ತವ ಮೂಲಗಳು. ಸೊನ್ನೆಯಾದರೆ ಎರಡೂ ಸಮ. ಕಡಿಮೆಯಾದರೆ ವಾಸ್ತವ ಮೂಲವೇ ಇಲ್ಲ. ಇಲ್ಲಿ 400 − 480. ಮೈನಸ್ ಎಂಬತ್ತು.

"ಆಗಲ್ಲ ದೊಡ್ಡಪ್ಪ, ಮೈನಸ್ ಬಂತು. ನಾಕು ಮೂಲೆ ಇಟ್ಟು ಹೆಂಗೆ ಕಟ್ಟಿದ್ರೂ ನೂರಿಪ್ಪತ್ತು ಹಿಡಿಯಲ್ಲ."

"ಹಿಡಿದ್ರೆ ಆರ್ಟ್ಸ್ ತಗೋತೀಯಾ?"

"ತಗೋತೀನಿ. ಹಿಡೀದಿದ್ರೆ ಸೈನ್ಸ್ ಫಾರಂಗೆ ಸೈನ್ ಹಾಕ್ತೀರಾ?"

"ಹಾಕ್ತೀನಿ ಬುಡು!"

ಚೌಕವಾಗಿ ಗೂಟ ನೆಟ್ಟು ಬಲೆ ಸುತ್ತಿದರು. ಅಜ್ಜಿ ಒಳಗೆ ಬಗ್ಗಿ ಮೊಳ ಹಾಕಿದಳು. ಉದ್ದ ಹನ್ನೊಂದು, ಅಗಲ ಹನ್ನೊಂದು. ನೂರಿಪ್ಪತ್ತೊಂದು!

"ಇನ್ನೊಂದು ಸಸಿಗೂ ಜಾಗ ಮಿಕ್ತು ಕಣಮ್ಮ! ಎಲ್ಲಿ ನಿನ್ ಮೈನಸ್ಸು?" ಎಂದರು ದೊಡ್ಡಪ್ಪ.

ಕಣ್ಣು ತುಂಬಿ ಬಂತು. ಆದರೂ ನಿಂತ ಜಾಗ ಬಿಡಲಿಲ್ಲ. ಕೂಡಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಬೇರೆಲ್ಲೋ ಇರಬೇಕು. ಮಣ್ಣು ಕೊಡವಿಕೊಳ್ಳುತ್ತಿದ್ದ ಅಜ್ಜಿಯ ಕೈ ನೋಡಿದೆ. ಗಿಡ್ಡ ಕೈ. ಪಕ್ಕದಲ್ಲಿ ದೊಡ್ಡಪ್ಪನದು, ಅಟ್ಟದ ಮೇಲಿನ ಡಬ್ಬಿಗೂ ನಿಂತಲ್ಲಿಂದಲೇ ಎಟುಕುವ ಕೈ.

"ಬಲೆ ಅಳೆದೋರು ನೀವು. ನೆಲಾನೂ ನೀವೇ ಅಳೀರಿ."

ಅಳೆದರು. ಹತ್ತು. ಆ ಕಡೆಗೂ ಹತ್ತೇ. ನೂರು!

ಅಜ್ಜಿ ಬಿದ್ದುಬಿದ್ದು ನಕ್ಕಳು. ಬಲೆ ಬಿಚ್ಚಿ ತನ್ನ ಮೊಳ ಹಾಕಿದಳು. "ಲೇ, ನಲವತ್ನಾಕು ಐತಲ್ಲೋ!"

ಮತ್ತೆ ಬರೆದೆ. x² − 22x + 120 = 0. ಶೋಧಕ 484 − 480, ನಾಲ್ಕು. ಎರಡು ವಾಸ್ತವ ಮೂಲಗಳು: ಹನ್ನೆರಡು, ಹತ್ತು. ಅಜ್ಜಿಯ ಮೊಳದಲ್ಲಿ ಅಷ್ಟಕ್ಕೇ ಗೂಟ ನೆಟ್ಟೆವು. ನೂರಿಪ್ಪತ್ತೂ ಸಸಿ ಕೂತವು.

ದೊಡ್ಡಪ್ಪ ಸೋಲೊಪ್ಪಲಿಲ್ಲ. "ಅಂತೂ ಎಲ್ಲಾ ಹಿಡಿದ್ವಲ್ಲ!"

"ಹಿಡಿದ್ವು. ಅಜ್ಜಿಯ ನಲವತ್ನಾಕಕ್ಕೆ, ನೀವು ಹೇಳಿದ ನಲವತ್ತಕ್ಕಲ್ಲ" ಎಂದು ಫಾರಂ ಮುಂದೆ ಹಿಡಿದೆ. "ಕೈ ತೊಳ್ಕೊಂಡು ಸೈನ್ ಹಾಕಿ."