ಕಾಫಿಯಲ್ಲಿ ಮೂಡಿದ ಅಕ್ಕನ ಮುಖ

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕಾಫಿ ಕಾಯಿಸುವ ಆ ಹೆಂಗಸನ್ನು ನಾವೆಲ್ಲರೂ ಕಾಫಿಯಕ್ಕ ಎಂದೇ ಕರೆಯುತ್ತೇವೆ. ಪ್ರಿಯರೇ, ಇಲ್ಲಿ ನಮ್ಮ ಪ್ರಾರ್ಥನೆಗೆ ಬಂದರೆ ಕೊನೆಯ ಸಾಲಿನಲ್ಲಿ ಕೂರುತ್ತಾಳೆ. ಕಣ್ಣು ಮುಚ್ಚಿದ್ದರೂ ಬೆರಳುಗಳು ಸುಮ್ಮನಿರವು. ಇವಳ ಕೈಗಳಿಗೆ ನಿಲ್ಲಿಸುವ ಗುಂಡಿ ಇಡಲು ದೇವರು ಮರೆತನೆಂದು ಅವಳ ಗಂಡ ನಗೆಯಾಡುವುದುಂಟು.

ಆ ಕೈಗಳು ಮಿಕ್ಕ ಡಿಕಾಕ್ಷನ್ನಿನಿಂದ ಚಿತ್ರ ಬರೆಯುತ್ತವೆ. ನೀರು ಬೆರೆಸಿದರೆ ಕೆನ್ನೆಯ ಹೊಳಪು, ಕುದಿಸಿ ಇಂಗಿಸಿದರೆ ಕೂದಲಿನ ಕಪ್ಪು. ಬೆಳಕು ಬೇಕಾದೆಡೆ ಕಾಗದವನ್ನೇ ಖಾಲಿ ಬಿಡಬೇಕು. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಆತುರಪಟ್ಟರೆ ಹೊಸ ಕುಂಚ ಹಳೆಯ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಇಷ್ಟನ್ನೂ ಬಲ್ಲವಳೇ ಆತುರಪಟ್ಟಳು, ಕಾರಣವಿತ್ತು.

ಅವಳ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ಕೂಸನ್ನು ಎದೆಗವಚಿಕೊಂಡು ಸಾಕಿದವಳು ಇವಳೇ. ಮನೆ ಬದಲಿಸುವಾಗ ಫೋಟೋಗಳ ಪೆಟ್ಟಿಗೆಯೂ ಕಳೆದುಹೋಯಿತು. ಈಗ ಆ ಕೂಸೇ ತುಂಬು ಬಸುರಿ.

"ಚಿಕ್ಕಮ್ಮ, ಹೆರಿಗೆಗೆ ಮುಂಚೆ ಅಮ್ಮನ ಮುಖ ಒಂದ್ಸಲ ನೋಡ್ಬೇಕು. ನಿನ್ನ ಬಿಟ್ರೆ ಇನ್ಯಾರು ಬರೀತಾರೆ?"

ಆ ಮಾತಿನ ಹಿಂದಿದ್ದ ಭಯ ಇಬ್ಬರಿಗೂ ತಿಳಿದಿತ್ತು. ಅಕ್ಕನ ಮೈಬಣ್ಣ ಕಾಫಿಯದೇ. ಬೇರೆ ಬಣ್ಣದ ಮಾತೇ ಬರಲಿಲ್ಲ.

ಕ್ಯಾಂಟೀನಿನ ಉಗ್ರಾಣದ ಮೂಲೆಯಲ್ಲಿ ಹಲಗೆ ಹಾಕಿಕೊಂಡು ಕುಳಿತಳು. ಮುಖದ ಆಕಾರ ಬಂತು, ಕಣ್ಣು ಮಾತ್ರ ಕೈಗೆ ಸಿಗಲೊಲ್ಲದು. ಹಸಿ ಪದರದ ಮೇಲೆಯೇ ಕುಂಚವಿಟ್ಟಳು. ಕಣ್ಣು ಕರಗಿ ಕೆನ್ನೆಗಿಳಿಯಿತು. ಒತ್ತಿ ಒರೆಸಿದಳು, ಎದ್ದು ಓಡಾಡಿದಳು, ಮತ್ತೆ ತಿದ್ದಿದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು.

"ತಾಯೀ, ಗಿರಾಕಿಗಳಿಗೂ ಒಂಚೂರು ಕಾಫಿ ಉಳಿಸು!" ಎಂದು ಅಡುಗೆಯವನು ಕೂಗಿದ.

ತಪಾಸಣೆಗೆಂದು ಬಂದ ಅಕ್ಕನ ಮಗಳು ಅಂದೇ ಉಗ್ರಾಣದೊಳಗೆ ಇಣುಕಿದಳು. ಚಿತ್ರವನ್ನು ದಿಟ್ಟಿಸಿ, ಮೆಲ್ಲಗೆ ಕೇಳಿದಳು: "ಇದು ನೀನೇ ಅಲ್ವಾ, ಚಿಕ್ಕಮ್ಮ?"

ಕಾಫಿಯಕ್ಕ ಕುಂಚ ಕೆಳಗಿಟ್ಟಳು. ಮಾತು ನಿಜವಾಗಿತ್ತು. ಕನ್ನಡಿಯಲ್ಲಿ ದಿನವೂ ಕಂಡ ಮುಖವು ನೆನಪಿನ ಮುಖವನ್ನು ನುಂಗಿಬಿಟ್ಟಿತ್ತು.

"ಮರೆತುಬಿಟ್ಟೆ ಕಣೇ. ಒಡಹುಟ್ಟಿದವಳನ್ನೇ ಮರೆತುಬಿಟ್ಟೆ."

"ಅಳ್ಬೇಡ, ಕಾಫಿ ಉಪ್ಪಾಗತ್ತೆ," ಎಂದ ಹುಡುಗಿ ತನ್ನ ಮಾತಿಗೆ ತಾನೇ ನಕ್ಕಳು. ನಕ್ಕಾಗ ತುಟಿಯ ಎಡಗಡೆ ಸಣ್ಣ ಮಡಿಕೆಯೊಂದು ಮೂಡಿತು. ಅದೇ ಬದಿಯ ಕಣ್ಣು ತುಸು ಕಿರಿದಾಯಿತು, ಥೇಟ್ ಅಕ್ಕ ನಕ್ಕಾಗಿನಂತೆಯೇ.

"ಹಾಗೇ ಇರು! ಬಾಯಿ ಮುಚ್ಚಬೇಡ!"

"ಎಷ್ಟೊತ್ತು ಹಲ್ಲು ಕಿಸ್ಕೊಂಡು ಕೂತಿರ್ಲಿ?"

"ನಿಮ್ಮಮ್ಮನೂ ಹೀಗೇ ವಾದಕ್ಕೆ ನಿಲ್ತಿದ್ಲು!"

ಕಾಫಿಯಕ್ಕ ಬರಿಯ ನೀರಿನ ಕುಂಚದಿಂದ ಚಿತ್ರದ ತುಟಿಯನ್ನೂ ಕಣ್ಣನ್ನೂ ಕರಗಿಸಿ ಎತ್ತಿದಳು. ಪ್ರಿಯರೇ, ತಪ್ಪನ್ನು ಹೀಗೆ ಬಿಟ್ಟುಕೊಡುವ ಬಣ್ಣವನ್ನು ಸೃಷ್ಟಿಸಿದ ದೇವರ ಕರುಣೆಗೆ ಎಣೆಯುಂಟೇ! ಕಾಗದ ಆರಿದ ಮೇಲೆ ಮಡಿಕೆಯನ್ನೂ ಕಿರಿದಾದ ಕಣ್ಣನ್ನೂ ತೆಳುವಾಗಿ ಎಳೆದಳು. ಆಮೇಲೆ, ಬಣ್ಣ ಒಣಗಲೆಂದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕುಳಿತಳು. ತುಟಿಗಳು ಪ್ರಾರ್ಥಿಸುತ್ತಿದ್ದವು, ಕಾಲುಗಳು ನೆಲ ಬಡಿಯುತ್ತಿದ್ದವು. ಕೈಗಳು ಮಾತ್ರ ಮೇಲೇಳಲಿಲ್ಲ.

ಹುಡುಗಿ ಹೊಟ್ಟೆಗೆ ಕೈ ಆನಿಸಿ ಚಿತ್ರದತ್ತ ಬಾಗಿದಳು. ಹೊರಗಿನಿಂದ ನರ್ಸಮ್ಮ ಅವಳ ಸರದಿ ಬಂತೆಂದು ಕರೆದಳು, ಮತ್ತೂ ಕರೆದಳು.

"ಇರಿ ಸಿಸ್ಟರ್, ಬಂದೆ," ಎಂದಳು ಹುಡುಗಿ, ಕಣ್ಣು ಕೀಳದೆ. "ನಮ್ಮಮ್ಮ ಇನ್ನೂ ಒಣಗಿಲ್ಲ."