ಎರಡು ಬೆರಳಿನ ಮೇಸ್ತ್ರಿ

ಆತನನ್ನು ಊರೆಲ್ಲ ಬೆರಳು ಮೇಸ್ತ್ರಿ ಅನ್ನುತ್ತಿತ್ತು. ಅದೇನು ಸುಮ್ಮನೆ ಬಂದ ಹೆಸರಲ್ಲ. ಬ್ರೇಕ್ ಒತ್ತಿದರೆ ನಡುಗುವ ಗಾಡಿ ಬಂತೆನ್ನಿ, ಮೇಸ್ತ್ರಿ ಅದನ್ನು ಬೈಪಾಸಿಗೆ ಒಯ್ದು, ಅರವತ್ತರ ವೇಗದಲ್ಲಿ ಸ್ಟೀರಿಂಗ್ ಮೇಲೆ ಎರಡೇ ಬೆರಳಿಟ್ಟು ಬ್ರೇಕ್ ಒತ್ತುತ್ತಿದ್ದ. ನಡುಕ ಬೆರಳಿಗೆ ಬಂದರೆ ಮುಂದಿನ ಡಿಸ್ಕ್ ಸೊಟ್ಟಗಾಗಿದೆ, ಸೀಟಿಗೆ ಬಂದರೆ ಹಿಂದಿನ ಡ್ರಮ್. ಮೂವತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಪಕ್ಕದೂರಿನಲ್ಲಿ ಗ್ಯಾರೇಜು ನಡೆಸುವ ಅಳಿಯ, ಸೊಟ್ಟ ಅಳೆಯುವ ಮುಳ್ಳಿನ ಗೇಜೊಂದನ್ನು ತಂದುಕೊಟ್ಟಿದ್ದ. ಅದು ಪೆಟ್ಟಿಗೆ ಬಿಚ್ಚದೆ ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು. "ಕೈಗೆ ಗೊತ್ತಾಗದ್ದು ಮುಳ್ಳಿಗೆ ಗೊತ್ತಾಗುತ್ತಾ?" ಅಂತ ಜಂಬ ಬೇರೆ. ಪಡಲಿ ಬಿಡಿ, ಜಂಬ ಪಡುವಷ್ಟು ಕೆಲಸ ಗೊತ್ತಿತ್ತು.

ಆ ಸಲ ಬಂದದ್ದು ಹಾಲಿನಕ್ಕನ ಪಿಕಪ್. ಹದಿನೆಂಟು ವರ್ಷದ ಮುದಿ ಗಾಡಿ. ಹಿಂದೆ ಹಾಲಿನ ಕ್ಯಾನು, ಮುಂದೆ ಅವಳು. "ಅಣ್ಣ, ಬ್ರೇಕ್ ಒತ್ತಿದ್ರೆ ಚಳಿಜ್ವರ ಬಂದ ಹಾಗೆ ಗಡಗಡ ನಡುಗುತ್ತೆ" ಅಂದಳು. ಮೇಸ್ತ್ರಿ ಬೆರಳಿಟ್ಟು ನೋಡಿ, ಮುಂದಿನ ಡಿಸ್ಕುಗಳನ್ನು ಲೇತಿಗೆ ಕೊಟ್ಟು ಸಮ ಮಾಡಿಸಿ ಹಾಕಿದ. ಬೆರಳಿಗೆ ಬರುತ್ತಿದ್ದ ನಡುಕ ಹೋಗಲಿಲ್ಲ. ಹೊಸ ಡಿಸ್ಕ್ ಹಾಕಿದ. ಹೋಗಲಿಲ್ಲ. ಡಿಸ್ಕ್ ಕೂರುವ ಜಾಗದ ತುಕ್ಕು ಉಜ್ಜಿದ, ಚಕ್ರದ ನಟ್ಟುಗಳನ್ನೆಲ್ಲ ಒಂದೇ ಸಮ ಬಿಗಿದ. ಊಹೂಂ. ಮೂರನೇ ದಿನ ಸ್ಪ್ಯಾನರು ಎಸೆದು, ಗಾಡಿಯ ವಂಶವನ್ನೆಲ್ಲ ಜಾಲಾಡಿ ಬೈದ. ಬಾಯಲ್ಲಿ ಬೈಗುಳ, ಎದೆಯಲ್ಲಿ ಭಯ. ಈ ಬೆರಳು ಸುಳ್ಳು ಹೇಳಲು ಶುರುಮಾಡಿದರೆ ತನ್ನ ಹತ್ತಿರ ಉಳಿಯುವುದಾದರೂ ಏನು?

ನಾಲ್ಕನೇ ದಿನ ಹಾಲಿನಕ್ಕ ಬಂದವಳೇ ಕೀಲಿ ಕಿತ್ತುಕೊಂಡಳು. "ನಾನೇ ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ." ಅರವತ್ತು ಮುಟ್ಟಿಸಿ ಬ್ರೇಕ್ ಒತ್ತಿದಳು. ಗಾಡಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಯವಾಗಿ ನಿಂತಿತು.

"ಅಯ್ಯೋ ಅಣ್ಣ, ಸರಿಹೋಗಿದೆಯಲ್ಲ! ಇಷ್ಟು ದಿನ ಯಾಕೆ ಇಟ್ಕೊಂಡ್ರಿ?"

ಮೇಸ್ತ್ರಿ ತೊಡೆಯ ಮೇಲಿದ್ದ ತನ್ನ ಬಲಗೈಯನ್ನೇ ನೋಡುತ್ತಿದ್ದ. ಗಾಡಿ ನಿಂತಿತ್ತು, ಎಂಜಿನ್ನೂ ಆರಿತ್ತು. ಆ ಎರಡು ಬೆರಳು ಮಾತ್ರ ನಡುಗುತ್ತಲೇ ಇದ್ದವು. ಸ್ಪ್ಯಾನರನ್ನು ಬಿಗಿಯಾಗಿ ಹಿಡಿಯುವ ಕೈಗೆ ಅದು ಗೊತ್ತೇ ಆಗಿರಲಿಲ್ಲ. ಎಡಗೈಯಿಂದ ಒತ್ತಿ ಹಿಡಿದ. ಬಿಟ್ಟೊಡನೆ ಮತ್ತೆ ಶುರುವಾಯಿತು.

"ಗಾಡಿ ಸರಿಯಾಗಿದೆ, ತಗೊಂಡು ಹೋಗಮ್ಮ" ಅಂದ.

ಮನೆ ಗ್ಯಾರೇಜಿನ ಹಿಂದೆಯೇ. ಹೆಂಡತಿ ಪಾತ್ರೆ ಸಮೇತ ಚಹಾ ತಂದಿಟ್ಟಳು. ಲೋಟದಲ್ಲಿ ಅರ್ಧವೇ ಇತ್ತು. ಎಷ್ಟೋ ತಿಂಗಳಿಂದ ಅರ್ಧವೇ. "ಜಾಸ್ತಿ ಕುಡಿದ್ರೆ ಪಿತ್ತ ಆಗುತ್ತೆ" ಅಂತ ಅವಳ ನೆಪ, ಜಿಪುಣಿ ಅಂತ ಇವನ ತಮಾಷೆ. ಇವತ್ತು ಲೋಟ ಮುಟ್ಟದೆ ಅವಳ ಮುಖ ನೋಡಿದ.

"ಇದಕ್ಕೇನಾ ಅರ್ಧ ಹಾಕ್ತಿದ್ದೆ?"

ಅವಳು ತಲೆ ತಗ್ಗಿಸಿದಳು. "ತುಂಬ ಹಾಕಿದ್ರೆ ಚೆಲ್ತಿತ್ತು ರೀ. ಚೆಲ್ಲಿದ್ರೆ ನಿಮಗೆ ಗೊತ್ತಾಗಿಬಿಡ್ತಿತ್ತು."

ಮೇಸ್ತ್ರಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮುಖ ಒರೆಸಿಕೊಂಡು, "ಕಪಾಟಿನ ಮೇಲಿನ ಆ ಗೇಜು ಅಳಿಯನಿಗೆ ವಾಪಸ್ ಕಳಿಸು. ಇನ್ನು ನನ್ನ ಕೆಲಸ ಮುಗೀತು, ಅವನಾದ್ರೂ ಬಳಸಲಿ" ಅಂದ.

ಅವಳು ಒಂದು ಕೈಯಿಂದ ಅವನ ಬೆರಳುಗಳನ್ನು ಅದುಮಿ ಹಿಡಿದು, ಇನ್ನೊಂದು ಕೈಯಿಂದ ಪಾತ್ರೆಯಲ್ಲಿ ಉಳಿದಿದ್ದ ಚಹಾ ಬಗ್ಗಿಸಿ ಲೋಟವನ್ನು ಪೂರ್ತಿ ತುಂಬಿಸಿದಳು.