ಕಹಿ ಮೇಡಂ ಅಳತೆ

ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಯನ್ನು ಬೆನ್ನ ಹಿಂದೆ ನಾವೆಲ್ಲ ಕಹಿ ಮೇಡಂ ಅನ್ನುತ್ತೇವೆ; ಅದು ಅವರಿಗೂ ಗೊತ್ತು, ಬಿರುದು ಸಿಕ್ಕವರಂತೆ ಬೀಗುತ್ತಾರೆ. ಚಹಾಕ್ಕೆ ಎರಡನೇ ಚಮಚ ಸಕ್ಕರೆ ಹಾಕಿಕೊಂಡವನನ್ನು ಕಳ್ಳನನ್ನು ನೋಡುವಂತೆ ನೋಡುತ್ತಾರೆ. ನಿತ್ಯಪುಷ್ಪದ ಗಿಡ ರಕ್ತದ ಕ್ಯಾನ್ಸರಿಗೆ ಮದ್ದಾಗುವ ಒಂದು ಕಹಿಯನ್ನು ಎಲೆಯೊಳಗೆ ಮಾಡಿಟ್ಟುಕೊಳ್ಳುತ್ತದೆ, ಆದರೆ ಮೂಟೆಗಟ್ಟಲೆ ಎಲೆ ಅರೆದರೂ ಸಿಗುವುದು ಚಿಟಿಕೆಯಷ್ಟೂ ಇಲ್ಲ. ಅದರ ಜೀನ್ ತಿದ್ದಿ ಆ ಜಿಪುಣತನ ಬಿಡಿಸುವುದೇ ಮೇಡಂ ಕಸುಬು. ಬೆಳಗ್ಗೆ ಬಂದವರೇ ಜಡೆಗೆ ಪೆನ್ನು ಸಿಕ್ಕಿಸಿ, ಗಾಜಿನ ಬಾಟಲಿಗಳಲ್ಲಿರುವ ಸಸಿಗಳನ್ನು ಒಂದೊಂದಾಗಿ ವಿಚಾರಿಸಿಕೊಳ್ಳುತ್ತಾರೆ: "ಏನಮ್ಮಾ, ಬರೀ ಎಲೆ ಬಿಟ್ಕೊಂಡು ಶೋಕಿ ಮಾಡ್ತಿದ್ದೀಯಾ? ಕೆಲಸ ಯಾರು ಮಾಡ್ತಾರೆ, ನಿಮ್ಮಜ್ಜಿನಾ?" ಬೈಸಿಕೊಂಡ ಸಸಿಯೇ ಚೆನ್ನಾಗಿ ಬರುತ್ತದೆಂದು ಈಗ ನಾವೂ ನಂಬಿಬಿಟ್ಟಿದ್ದೇವೆ. ಎಲೆಯಲ್ಲಿ ಮದ್ದು ಎಷ್ಟಿದೆಯೆಂಬ ಫಲಿತಾಂಶ ಬಂದಾಗ ಮಿಲಿಗ್ರಾಂ ಲೆಕ್ಕವೆಲ್ಲ ನಮಗೆ. ಮೇಡಂ ಬೋರ್ಡಿನ ಮೇಲೆ ಬರೆಯುವ ಅಳತೆಯೇ ಬೇರೆ: 'ಕಾಲು ತಂಗಿ', 'ಅರ್ಧ ತಂಗಿ'. ತಮಾಷೆಯೆಂದುಕೊಂಡು ನಾವೂ ಹಾಗೇ ಹೇಳುತ್ತಿದ್ದೆವು. ಒಂದು ದಿನ ನಾನು ಇದ್ಯಾವ ಅಳತೆಯೆಂದು ಕೇಳಿಯೇಬಿಟ್ಟೆ. "ಕೊನೇ ತಿಂಗಳು ನನ್ನ ತಂಗಿಗೆ ಬೇಕಾಗಿದ್ದಷ್ಟು ಮದ್ದು ಕಣೋ ಅದು. ಊರೆಲ್ಲ ಹುಡುಕಿದ್ವಿ, ಎಲ್ಲೂ ಸ್ಟಾಕ್ ಇರ್ಲಿಲ್ಲ," ಎಂದವರೇ ಮತ್ತೆ ಸಸಿಗಳ ಕಡೆ ತಿರುಗಿದರು. ಕಳೆದ ವಾರ ಬೋರ್ಡಿನ ಮೇಲೆ ಮೊದಲ ಸಲ 'ಒಂದು ತಂಗಿ' ಬಂತು. ನಾವು ಚಪ್ಪಾಳೆ ತಟ್ಟಿದೆವು. ಮೇಡಂ ಅದನ್ನು ಅಂಗೈಯಿಂದ ಮೆಲ್ಲಗೆ ಒರೆಸಿ, "ಸರಿ, ಅವಳದ್ದಾಯ್ತು," ಅಂದರು. "ಮುಂದಿನವರನ್ನ ಕರೀರಿ."